ಸುತ್ತದ ಚೆಂಡಿನ ಎದುರಿನಲ್ಲಿ



ಕ್ರಿಕೆಟ್ ನೋಡುತ್ತ ಬೆಳೆದ ನಿಮಗೆಲ್ಲ ಒಂದು ಮಾತು ಗೊತ್ತು. ಚೆಂಡನ್ನು ಬುಗುರಿಯಂತೆ ಸುತ್ತಿಸಿ ಬಿಡುವ ಬೌಲರ್ ಎಂದರೆ ದಾಂಡಿಗನಿಗೆ ತಲೆನೋವು. ಇಂದು ನಾನು ಹೇಳಹೊರಟಿರುವುದು ಇದಕ್ಕೆ ತೀರ ವಿರುದ್ಧವಾದ ಚೆಂಡಿನ ವಿಚಾರ. ಈ ಚೆಂಡು ಸುತ್ತುವುದೇ ಇಲ್ಲವೆನ್ನಬಹುದು. ತಲೆನೋವಿಗೆ ಅದೇ ಕಾರಣ. ವೇಗವೂ ಹೆಚ್ಚಿಲ್ಲ. ಆದರೂ ಅಮೆರಿಕದ ಬೇಸ್‌ಬಾಲ್ ಆಟದ ಘಟಾನುಘಟಿ ದಾಂಡಿಗರು ಇದರ ಮುಂದೆ ಗಾಳಿಗೆ ಬ್ಯಾಟು ಬೀಸಿ ಪೆಚ್ಚಾಗಿದ್ದಾರೆ. ಇದರ ಹೆಸರು ನಕಲ್‌ಬಾಲ್. 2011ರ ವಿಶ್ವಕಪ್ ಕ್ರಿಕೆಟ್‌ನಲ್ಲಿ ನಮ್ಮ ಜಹೀರ್ ಖಾನ್ ನಿಧಾನದ ಚೆಂಡಿಗಾಗಿ ಇದೇ ಉಪಾಯವನ್ನು ಬಳಸಿದ್ದರು. ಎಲ್ಲಿಗೆ ಬರುತ್ತದೆಂದು ಮುಂಚಿತವಾಗಿ ಹೇಳಲಾಗದ ಚೆಂಡನ್ನು ಎದುರಿಸುವುದು ಹೇಗೆ? ಇದೇ ಇಂದಿನ ನಮ್ಮ ವಿಷಯ.

ಮೊದಲು ಆಟದ ನಿಯಮವನ್ನು ನಾಲ್ಕು ಮಾತಿನಲ್ಲಿ ತಿಳಿಯೋಣ. ಬೇಸ್‌ಬಾಲ್‌ನಲ್ಲಿ ಚೆಂಡೆಸೆಯುವವನು ಪಿಚರ್. ಅವನು ನಿಲ್ಲುವ ಜಾಗದಿಂದ ದಾಂಡಿಗನ ಪಕ್ಕದ ನೆಲದಲ್ಲಿರುವ ಬಿಳಿಯ ಫಲಕಕ್ಕೆ 60 ಅಡಿ 6 ಅಂಗುಲ. ಚೆಂಡು ನೆಲಕ್ಕೆ ಪುಟಿಯದೆ ನೇರವಾಗಿ ಬರುತ್ತದೆ. ಫಲಕದ ಮೇಲೆ, ದಾಂಡಿಗನ ಮೊಣಕಾಲಿನಿಂದ ಎದೆಯವರೆಗಿನ ಎತ್ತರದಲ್ಲಿ ಹಾದುಹೋಗುವ ಚೆಂಡನ್ನು ಆಡದೆ ಬಿಟ್ಟರೆ ಅದು ‘ಸ್ಟ್ರೈಕ್’. ಬ್ಯಾಟು ಬೀಸಿ ಗುರಿ ತಪ್ಪಿದರೂ ಸ್ಟ್ರೈಕ್. ಮೂರು ಸ್ಟ್ರೈಕ್ ಆದರೆ ಔಟ್. ಆ ಎಲ್ಲೆಯ ಹೊರಗೆ ಬಂದ ಚೆಂಡನ್ನು ದಾಂಡಿಗ ಬಿಟ್ಟರೆ ಅದನ್ನು ‘ಬಾಲ್’ ಎಂದು ಎಣಿಸುತ್ತಾರೆ. ಅಂಥವು ನಾಲ್ಕಾದರೆ ಅವನು ಹೊಡೆಯದೆಯೇ ಮೊದಲ ಬೇಸ್‌ಗೆ ನಡೆದುಹೋಗಬಹುದು. ಎಂದರೆ ಈ ಆಟದಲ್ಲಿ ತಾಳ್ಮೆಗೆ ಬೆಲೆಯೂ ಉಂಟು, ಮಿತಿಯೂ ಉಂಟು.

ಇನ್ನು ನಕಲ್‌ಬಾಲ್. ನಕಲ್ ಎಂದರೆ ಬೆರಳಿನ ಗೆಣ್ಣು. ಹೆಸರು ಹಾಗಿದ್ದರೂ ಪಿಚರ್‌ಗಳು ಸಾಮಾನ್ಯವಾಗಿ ಚೆಂಡನ್ನು ಹಿಡಿಯುವುದು ಬೆರಳ ತುದಿ ಮತ್ತು ಉಗುರುಗಳಿಂದ. ಮಣಿಕಟ್ಟನ್ನು ತಿರುಚದೆ, ಚೆಂಡನ್ನು ಮುಂದಕ್ಕೆ ತಳ್ಳಿದಂತೆ ಬಿಡುತ್ತಾರೆ. ವೇಗದ ಎಸೆತ ಗಂಟೆಗೆ 150 ಕಿ.ಮೀ. ಆಸುಪಾಸಿನಲ್ಲಿ ಬರುತ್ತದೆ, ದಾರಿಯಲ್ಲಿ ಸುಮಾರು 15 ಸುತ್ತು ಸುತ್ತುತ್ತದೆ. ನಕಲ್‌ಬಾಲಿನ ವೇಗ ಹೆಚ್ಚಾಗಿ 105ರಿಂದ 120 ಕಿ.ಮೀ. ಮಾತ್ರ. ಅದು ಸುತ್ತುವುದು ಒಂದೋ ಎರಡೋ ಸಲ.

ಸುತ್ತದಿದ್ದರೆ ಏನಾಗುತ್ತದೆ? ಬೇಸ್‌ಬಾಲಿನ ಮೈಮೇಲೆ ಉಬ್ಬಿದ ಹೊಲಿಗೆ ಇದೆ. ಚೆಂಡು ಬೇಗ ಬೇಗ ಸುತ್ತುತ್ತಿದ್ದರೆ ಹೊಲಿಗೆಯ ಪರಿಣಾಮ ಎಲ್ಲ ಕಡೆಗೂ ಹಂಚಿಹೋಗುತ್ತದೆ. ನಿಧಾನವಾಗಿ ಹೊರಳುವ ಚೆಂಡಿನಲ್ಲಿ ಹಾಗಲ್ಲ. ಹೊಲಿಗೆ ಯಾವ ಕಡೆಗಿದೆ ಎಂಬುದನ್ನು ಅನುಸರಿಸಿ ಗಾಳಿ ಚೆಂಡನ್ನು ಪಕ್ಕಕ್ಕೆ ದೂಡುತ್ತದೆ. 1975ರಲ್ಲಿ ವಾಟ್ಸ್ ಮತ್ತು ಸಾಯರ್ ಎಂಬ ಸಂಶೋಧಕರು ಚೆಂಡನ್ನು ಗಾಳಿಸುರಂಗದಲ್ಲಿಟ್ಟು ಈ ಬಲವನ್ನು ಅಳೆದರು. 2012ರಲ್ಲಿ ಭೌತವಿಜ್ಞಾನಿ ಅಲನ್ ನೇಥನ್, ಕ್ಯಾಮೆರಾಗಳು ದಾಖಲಿಸಿದ ಎಸೆತಗಳನ್ನು ಪರಿಶೀಲಿಸಿ ಇನ್ನೊಂದು ಸ್ವಾರಸ್ಯವನ್ನು ಹೇಳಿದರು. ನಕಲ್‌ಬಾಲ್ ಚಿಟ್ಟೆಯಂತೆ ಅತ್ತಿತ್ತ ಹಾರುತ್ತದೆಂದು ನಮಗೆ ತೋರಿದರೂ ಅದರ ದಾರಿ ಬೇರೆ ಎಸೆತಗಳಷ್ಟೇ ನಯವಾದ ರೇಖೆ. ಆದರೆ ಒಂದು ಎಸೆತ ಬಾಗಿದ ಕಡೆಗೇ ಮುಂದಿನದೂ ಬಾಗುತ್ತದೆ ಎನ್ನುವಂತಿಲ್ಲ. ಎಸೆದವನಿಗೂ ಅದು ತಿಳಿಯದು!

ಈ ಒಂದೇ ಎಸೆತವನ್ನು ನಂಬಿ ಫಿಲ್ ನೀಕ್ರೊ 318 ಪಂದ್ಯಗಳನ್ನು ಗೆದ್ದರು. 48 ವರ್ಷ ತುಂಬಿದ ಮೇಲೂ ಆಡಿದರು. ಹೆಸರಾಂತ ಬ್ಯಾಟಿಂಗ್ ತರಬೇತುದಾರ ಚಾರ್ಲಿ ಲಾವ್ ಅವರ ಹೆಸರಿನಲ್ಲಿ ಒಂದು ತಮಾಷೆಯ ಮಾತು ಪ್ರಚಾರದಲ್ಲಿದೆ. ನಕಲ್‌ಬಾಲ್ ಹೊಡೆಯಲು ಎರಡು ಸಿದ್ಧಾಂತಗಳಿವೆಯಂತೆ; ಎರಡೂ ಕೆಲಸಕ್ಕೆ ಬಾರವಂತೆ!

ತಮಾಷೆ ಹಾಗಿರಲಿ. ಅನುಭವದಿಂದ ಬಂದ ಕೆಲವು ಉಪಾಯಗಳು ಇವೆ.

ಮೊದಲನೆಯದು, ಎತ್ತರವನ್ನು ನೋಡುವುದು. ಆಟಗಾರರಲ್ಲಿ ಒಂದು ನಾಣ್ಣುಡಿ ಉಂಟು. ನಮ್ಮ ಮಾತಿನಲ್ಲಿ ಹೇಳುವುದಾದರೆ, ‘ಕೆಳಗೆ ಬಂದರೆ ಬಿಡು, ಮೇಲೆ ಬಂದರೆ ಹೊಡಿ.’ ಮೊಣಕಾಲಿನ ಮಟ್ಟದಲ್ಲಿ ಕಾಣುವ ನಕಲ್‌ಬಾಲ್ ಕೊನೆಯಲ್ಲಿ ಇನ್ನೂ ಕೆಳಗೆ ಇಳಿದು ಎಲ್ಲೆಯಿಂದ ಹೊರಗಾಗುವ ಸಂಭವ ಹೆಚ್ಚು. ಎದೆಯ ಮಟ್ಟದಲ್ಲಿ ಕಂಡದ್ದು ಇಳಿದರೆ ಬ್ಯಾಟಿನ ದಾರಿಗೇ ಬರುತ್ತದೆ.

ಎರಡನೆಯದು, ಬೀಸುವಿಕೆಯನ್ನು ಚಿಕ್ಕದಾಗಿಸುವುದು. ನಿಧಾನದ ಚೆಂಡನ್ನು ಕಂಡೊಡನೆ ಮೈದಾನದಾಚೆ ಅಟ್ಟುವ ಆಸೆ ಹುಟ್ಟುತ್ತದೆ. ದೊಡ್ಡದಾಗಿ ಬೀಸಬೇಕಾದರೆ ಬೇಗ ಶುರುಮಾಡಬೇಕು. ಬೇಗ ಶುರುಮಾಡಿದವನಿಗೆ ಚೆಂಡಿನ ಕೊನೆಯ ಬಾಗುವಿಕೆ ಕಾಣದು. ತಡವಾಗಿ, ಚಿಕ್ಕದಾಗಿ ಬೀಸಿ ಮೈದಾನದ ನಡುವಿಗೆ ಆಡುವವನಿಗೆ ಅವಕಾಶ ಹೆಚ್ಚು.

ಮೂರನೆಯದು, ನಿಲ್ಲುವ ಜಾಗ. ದಾಂಡಿಗನ ಚೌಕ ಆರು ಅಡಿ ಉದ್ದವಿದೆ. ಕೆಲವರು ಅದರ ಮುಂತುದಿಗೆ ಸರಿದು ನಿಲ್ಲುತ್ತಾರೆ. ಚೆಂಡು ಪೂರ್ತಿ ಬಾಗುವ ಮೊದಲೇ ಅದನ್ನು ಮುಟ್ಟಬೇಕೆಂಬುದು ಲೆಕ್ಕಾಚಾರ.

ನಾಲ್ಕನೆಯದು ಎಣಿಕೆ. ನಕಲ್‌ಬಾಲನ್ನು ಎಲ್ಲೆಯೊಳಗೆ ಹಾಕುವುದು ಎಸೆಯುವವನಿಗೂ ಸುಲಭವಲ್ಲ. ಮೂರು ‘ಬಾಲ್’ ಆದಾಗ ಅವನು ಇಕ್ಕಟ್ಟಿಗೆ ಸಿಕ್ಕಿ, ನೇರವಾದ ಸಾಧಾರಣ ಚೆಂಡನ್ನು ಎಸೆಯಬಹುದು. ಕಾದವನಿಗೆ ಅದೇ ಬಹುಮಾನ.

ಐದನೆಯದು, ಎದುರಾಳಿಯ ಕೀಪರನ್ನು ಮರೆಯದಿರುವುದು. ಅವನಿಗೆ ಕ್ಯಾಚರ್ ಎನ್ನುತ್ತಾರೆ. ಚೆಂಡು ಎತ್ತ ಬರುತ್ತದೆಂದು ಅವನಿಗೂ ತಿಳಿಯದು. ದೊಡ್ಡ ಗಾತ್ರದ ಕೈಗವಸು ತೊಟ್ಟರೂ ಕೈತಪ್ಪುವುದುಂಟು. ಆಗ ಬೇಸ್‌ನಲ್ಲಿರುವ ಓಟಗಾರರು ಮುಂದೆ ಸಾಗುತ್ತಾರೆ.

ಇವೆಲ್ಲ ಎಷ್ಟರಮಟ್ಟಿಗೆ ಫಲಿಸುತ್ತವೆ? ಎರಡು ರಾತ್ರಿಗಳನ್ನು ನೋಡಿ. 2003ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕ್ ಯಾಂಕೀಸ್ ಮತ್ತು ಬಾಸ್ಟನ್ ರೆಡ್ ಸಾಕ್ಸ್ ನಡುವೆ ಅಮೆರಿಕನ್ ಲೀಗ್ ಸರಣಿಯ ಏಳನೆಯ, ನಿರ್ಣಾಯಕ ಪಂದ್ಯ. ಬಾಸ್ಟನ್‌ನ ನಕಲ್‌ಬಾಲ್ ನಿಪುಣ ಟಿಮ್ ವೇಕ್‌ಫೀಲ್ಡ್ ಆ ಸರಣಿಯಲ್ಲಿ ಆಗಲೇ ಎರಡು ಪಂದ್ಯ ಗೆದ್ದಿದ್ದರು. 5-5ರ ಸಮಬಲ, ಹನ್ನೊಂದನೆಯ ಇನ್ನಿಂಗ್ಸ್. ದಾಂಡಿಗ ಆರನ್ ಬೂನ್. ಅಂದು ಅವರನ್ನು ಆರಂಭದ ತಂಡದಲ್ಲೇ ಆರಿಸಿರಲಿಲ್ಲ. ವೇಕ್‌ಫೀಲ್ಡ್ ಅವರ ಮೊದಲ ಚೆಂಡು ಹೆಚ್ಚು ಅಲುಗಾಡದೆ ಬಂತು. ಬೂನ್ ಅದನ್ನು ಎಡಗಡೆಯ ಪ್ರೇಕ್ಷಕರ ನಡುವೆ ಎತ್ತಿ ಹಾಕಿದರು. ಸರಣಿ ಅಲ್ಲಿಗೇ ಮುಗಿಯಿತು. ತಾಳ್ಮೆ ಎಂದರೆ ಎಲ್ಲವನ್ನೂ ಬಿಡುವುದಲ್ಲ, ಬಿಡಬಾರದ್ದನ್ನು ಗುರುತಿಸುವುದೂ ಹೌದು ಎಂದು ಆ ಒಂದು ಹೊಡೆತ ತೋರಿಸಿತು.

ಮರುವರ್ಷ ಅದೇ ತಂಡಗಳು, ಅದೇ ವೇಕ್‌ಫೀಲ್ಡ್. 2004ರ ಸರಣಿಯ ಐದನೆಯ ಪಂದ್ಯ. ಸೋತರೆ ಬಾಸ್ಟನ್ ಮನೆಗೆ. ಹದಿಮೂರನೆಯ ಇನ್ನಿಂಗ್ಸ್‌ನಲ್ಲಿ ಕ್ಯಾಚರ್ ವಾರಿಟೆಕ್ ಅವರ ಕೈಯಿಂದ ಮೂರು ಸಲ ಚೆಂಡು ತಪ್ಪಿತು. ಮೂರನೆಯ ಸ್ಟ್ರೈಕ್ ಆಗಿ ಸೋತಿದ್ದ ಶೆಫೀಲ್ಡ್, ಆ ಚೆಂಡು ಕ್ಯಾಚರನ ಕೈಗೆ ಸಿಗದೆ ಹೋದದ್ದರಿಂದ ಓಡಿ ಬೇಸ್ ಸೇರಿದರು. ಕೊನೆಗೆ ಎರಡನೆಯ ಮತ್ತು ಮೂರನೆಯ ಬೇಸ್‌ಗಳಲ್ಲಿ ಓಟಗಾರರು. ಇನ್ನೊಂದು ಚೆಂಡು ಕೈತಪ್ಪಿದ್ದರೆ ಓಟ ಬರುತ್ತಿತ್ತು. ಆದರೆ ದಾಂಡಿಗ ರೂಬೆನ್ ಸಿಯೆರ್ರಾ ಬ್ಯಾಟು ಬೀಸಿ ಗುರಿ ತಪ್ಪಿದರು. ವಾರಿಟೆಕ್ ಚೆಂಡನ್ನು ಹಿಡಿದರು. ಮುಂದಿನ ಇನ್ನಿಂಗ್ಸ್‌ನಲ್ಲಿ ಬಾಸ್ಟನ್ ಪಂದ್ಯವನ್ನು ಗೆದ್ದಿತು. ಸರಣಿಯನ್ನೂ ಗೆದ್ದು, 1918ರ ನಂತರ ಮೊದಲ ಬಾರಿಗೆ ವರ್ಲ್ಡ್ ಸೀರೀಸ್ ಪ್ರಶಸ್ತಿಯನ್ನು ಪಡೆಯಿತು.

ಹಾಗಾದರೆ ಉಪಾಯಗಳು ವ್ಯರ್ಥವೇ? ಖಂಡಿತ ಅಲ್ಲ. ಚೆಂಡು ಎತ್ತ ಬಾಗುತ್ತದೆ ಎಂಬುದು ದಾಂಡಿಗನ ಕೈಯಲ್ಲಿಲ್ಲ. ಎಲ್ಲಿ ನಿಲ್ಲಬೇಕು, ಯಾವುದನ್ನು ಬಿಡಬೇಕು, ಎಷ್ಟು ದೊಡ್ಡದಾಗಿ ಬೀಸಬೇಕು ಎಂಬುದು ಅವನ ಕೈಯಲ್ಲಿದೆ. ಅದನ್ನು ಅವನು ಚೆಂಡು ಬರುವ ಮೊದಲೇ ತೀರ್ಮಾನಿಸಿರಬೇಕು. ಏಕೆಂದರೆ ಬಂದ ಮೇಲೆ ಅವನಿಗೆ ಉಳಿಯುವುದು ಅರ್ಧ ಸೆಕೆಂಡಿಗಿಂತ ಕೊಂಚ ಹೆಚ್ಚು ಕಾಲ, ಅಷ್ಟೆ. ಇಷ್ಟೆಲ್ಲ ಮಾಡಿಯೂ ಅವನು ಸೋಲಬಹುದು. ಆದರೆ ಮುಂದಿನ ಚೆಂಡಿಗೂ ಅದೇ ಸಿದ್ಧತೆಯಿಂದ ನಿಲ್ಲುವವನಿಗೇ, ಅಪರೂಪಕ್ಕೊಮ್ಮೆ ಅಲುಗಾಡದೆ ಬರುವ ಚೆಂಡು ದಕ್ಕುತ್ತದೆ.

ನಾಳೆ ನಿಮ್ಮ ಶಾಲೆಯ ಬಯಲಿನಲ್ಲಿ ಟೆನಿಸ್ ಚೆಂಡೊಂದನ್ನು ಬೆರಳ ತುದಿಯಲ್ಲಿ ಹಿಡಿದು, ಸುತ್ತದಂತೆ ಎಸೆಯಲು ಯತ್ನಿಸಿ ನೋಡಿ. ಎಸೆಯುವುದೇ ಎಷ್ಟು ಕಷ್ಟವೆಂದು ತಿಳಿದಾಗ, ಅದನ್ನು ಹೊಡೆಯಲು ನಿಂತವನ ಪಾಡೂ ನಿಮಗೆ ಅರ್ಥವಾದೀತು.