ಪುಟ್ಟ ಮಕ್ಕಳಿಗೆ ಎಂಥ ಶಾಲೆ ಬೇಕು?

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಈ ಶಾಲೆಯಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ, ಬಿ.ಇ. ಓದಿ, ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ನಮ್ಮ ವಿಜ್ಞಾನದ ಮೇಷ್ಟ್ರು ಫೋನ್ ಮಾಡಿ, "ಕಂಪ್ಯೂಟರ್ ಬಗ್ಗೆ ನಾಲ್ಕು ಮಾತು ಹೇಳಪ್ಪಾ" ಅಂದಿದ್ದರು. ಮೇಷ್ಟ್ರು ಕ್ಷಮಿಸಬೇಕು. ಕಳೆದ ಎರಡು ವರ್ಷ ನನ್ನ ತಲೆ ಕೆಡಿಸಿದ್ದು ಕಂಪ್ಯೂಟರ್ ಅಲ್ಲ, ನನ್ನ ಮಗಳಿಗೆ ಒಂದು ಶಾಲೆ ಹುಡುಕುವ ಕೆಲಸ. ಅದನ್ನೇ ಹೇಳುತ್ತೇನೆ.

ಮಗಳಿಗೆ ಮಾತು ಬೇಗ ಬಂತು. ಮೂರು ವರ್ಷಕ್ಕೇ ಅಂಗಡಿ ಬೋರ್ಡುಗಳ ಅಕ್ಷರ ಗುರುತಿಸುತ್ತಿದ್ದಳು. ಬೆಳಗಿನಿಂದ ರಾತ್ರಿಯವರೆಗೂ ಪ್ರಶ್ನೆ. ಇರುವೆ ರಾತ್ರಿ ಎಲ್ಲಿ ಮಲಗುತ್ತೆ? ಚಂದ್ರ ನಮ್ಮ ಬಸ್ಸಿನ ಜೊತೆಗೇ ಯಾಕೆ ಬರ್ತಾನೆ? ನೆಂಟರು ಬಂದರೆ ನಾನು ಅವಳನ್ನು ಮುಂದೆ ನಿಲ್ಲಿಸಿ ಎಲ್ಲವನ್ನೂ ಹೇಳಿಸುತ್ತಿದ್ದೆ. ಇಂಥ ಮಗುವಿಗೆ ದೊಡ್ಡ ಶಾಲೆಯೇ ಬೇಕು ಅಂತ ನನಗೆ ಜಂಬ.

ಒಂದು ಶಾಲೆಯಲ್ಲಿ, "ನಮ್ಮಲ್ಲಿ ನಾಲ್ಕು ವರ್ಷಕ್ಕೆ ನೂರರವರೆಗೆ ಬರೀತಾರೆ" ಅಂದರು. ನಾನು ನಾಲ್ಕು ವರ್ಷದ ಬಿ.ಇ.ಗೆ ಕಟ್ಟಿದ್ದಕ್ಕಿಂತ ಹೆಚ್ಚಿನ ಫೀಸನ್ನು ಒಂದು ವರ್ಷಕ್ಕೆ ಕಟ್ಟಿ ಬಂದೆ. ಮೂರು ತಿಂಗಳಾಯಿತು. ಒಂದು ರಾತ್ರಿ ಊಟಕ್ಕೆ ಕೂತಾಗ ನಾನೇ ಕೇಳಿದೆ, "ಯಾಕಮ್ಮಾ, ಈಗ ಇರುವೆ ವಿಷಯ ಕೇಳೋದೇ ಇಲ್ಲ?" ಮಗು ಮಾತಾಡಲಿಲ್ಲ. ತುಟಿಯ ಮೇಲೆ ಬೆರಳಿಟ್ಟುಕೊಂಡು ಸುಮ್ಮನೆ ಕೂತಳು. ತರಗತಿಯಲ್ಲಿ ಹಾಗೆ ಕೂರಿಸುತ್ತಿದ್ದರಂತೆ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ತಪ್ಪು ಶಾಲೆಯದಷ್ಟೇ ಅಲ್ಲ. ನೂರರವರೆಗೆ ಬರೆಯುವ ಮಗು ಬೇಕು ಅಂತ ಹೋದವನು ನಾನೇ.

ಆಮೇಲೆ ನಾವಿಬ್ಬರೂ ಹುಡುಕುವ ರೀತಿಯನ್ನೇ ಬದಲಿಸಿದೆವು. ಬೋರ್ಡು ನೋಡುವುದನ್ನು ಬಿಟ್ಟೆವು. ಮರಿಯಾ ಮಾಂಟೆಸ್ಸರಿ 1907ರಲ್ಲಿ ರೋಮ್‌ನಲ್ಲಿ ತಮ್ಮ ಮೊದಲ ಮಕ್ಕಳ ಮನೆ ತೆರೆದದ್ದು ಬಡ ಕೂಲಿಕಾರರ ಮಕ್ಕಳಿಗಾಗಿ. ಇಂದು ಆ ಹೆಸರನ್ನು ಯಾರು ಬೇಕಾದರೂ ಬೋರ್ಡಿನ ಮೇಲೆ ಬರೆಸಿಕೊಳ್ಳಬಹುದು. ಹಾಗಾಗಿ ಪ್ರತಿ ಕಡೆಯೂ ಅರ್ಧ ಗಂಟೆ ಸುಮ್ಮನೆ ಕೂತು ನೋಡಿದೆವು. ಟೀಚರ್ ಮಗುವಿನ ಜೊತೆ ಮಾತಾಡುವಾಗ ಬಗ್ಗುತ್ತಾರೋ, ನಿಂತಲ್ಲಿಂದಲೇ ಕೂಗುತ್ತಾರೋ? ಅಳುವ ಮಗುವನ್ನು ಎತ್ತಿಕೊಳ್ಳುತ್ತಾರೋ? ಮರಳು, ನೀರು, ಮಣ್ಣು ಮುಟ್ಟಲು ಬಿಡುತ್ತಾರೋ? ಮನೆ ಮಾತಿನಲ್ಲಿ ಕೇಳಿದರೆ ಉತ್ತರ ಸಿಗುತ್ತದೋ?

ಚೂಟಿ ಮಗು ಅಂದರೆ ಎಲ್ಲದರಲ್ಲೂ ಮುಂದೆ ಅಂತಲ್ಲ. ಬುದ್ಧಿ ಐದು ವರ್ಷದ್ದಿರಬಹುದು, ಅಳು ಮಾತ್ರ ಮೂರು ವರ್ಷದ್ದೇ. ಪೆನ್ಸಿಲ್ ಹಿಡಿಯುವ ಮೊದಲು ಬೆರಳಿಗೆ ಬಲ ಬರಬೇಕು. ಅದು ಹಿಟ್ಟು ಕಲಸುವುದರಲ್ಲಿ, ಕಾಳು ಆರಿಸುವುದರಲ್ಲಿ ಬರುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಮೂರರಿಂದ ಎಂಟು ವರ್ಷದವರೆಗಿನ ಕಾಲವನ್ನು ಬುನಾದಿ ಹಂತ ಎಂದು ಕರೆದು, ಆಟದ ಮೂಲಕ ಕಲಿಸಿ ಅನ್ನುತ್ತದೆ. ಕೊನೆಗೆ ಮನೆಯ ಹತ್ತಿರವೇ, ಹೊಂಗೆ ಮರವಿರುವ ಒಂದು ಪುಟ್ಟ ಶಾಲೆ ಸಿಕ್ಕಿತು. ಅಲ್ಲಿ ಹೋಂವರ್ಕ್ ಇಲ್ಲ. ಒಂದು ತಿಂಗಳಲ್ಲಿ ಮನೆಗೆ ಪ್ರಶ್ನೆಗಳು ವಾಪಸ್ ಬಂದವು.

ಇದನ್ನು ಇಲ್ಲಿ ಯಾಕೆ ಹೇಳುತ್ತಿದ್ದೇನೆ? ಹೋದ ದಸರಾ ರಜೆಯಲ್ಲಿ ನಮ್ಮವ್ವ ಮೊಮ್ಮಗಳನ್ನು ಈ ಕಾಂಪೌಂಡಿನ ಪಕ್ಕದ ಅಂಗನವಾಡಿಗೆ ಕರೆದುಕೊಂಡು ಹೋಗಿದ್ದರು. ಇವಳು ಇರುವೆ ವಿಷಯ ತೆಗೆದಳಂತೆ. ಅಂಗನವಾಡಿ ಟೀಚರ್ ಎಲ್ಲ ಮಕ್ಕಳನ್ನೂ ಹೊರಗೆ ಕರೆದು, ಗೂಡಿನ ಬಾಯಿಯ ಹತ್ತಿರ ಒಂದು ಚೂರು ಬೆಲ್ಲ ಇಟ್ಟು, "ನೋಡಿ, ಯಾವ ಕಡೆ ಹೊತ್ಕೊಂಡು ಹೋಗ್ತವೆ" ಅಂದರಂತೆ. ನಾನು ಬೆಂಗಳೂರೆಲ್ಲ ಹುಡುಕಿದ್ದು ನನ್ನ ಊರಿನ ಗೋಡೆಯ ಪಕ್ಕದಲ್ಲೇ ಇತ್ತು.

ಅಂಗನವಾಡಿ ಯೋಜನೆ ಶುರುವಾದದ್ದು 1975ರ ಅಕ್ಟೋಬರ್ 2ರಂದು. ನಮ್ಮ ರಾಜ್ಯದಲ್ಲಿ ಮೊದಲು ಬಂದದ್ದು ಟಿ. ನರಸೀಪುರಕ್ಕೆ. ನಮ್ಮ ಶಾಲೆಯ ಹಾಗೆ ಅದಕ್ಕೂ ಐವತ್ತು ವರ್ಷ ತುಂಬಿದೆ. ಆದರೆ ಆ ಟೀಚರ್‌ಗೆ ಮಕ್ಕಳ ತೂಕ, ಲಸಿಕೆ, ಬಸುರಿ ಬಾಣಂತಿಯರ ಆಹಾರ, ಲೆಕ್ಕದ ಪುಸ್ತಕ ಎಲ್ಲವೂ ಇವೆ. ಇದರ ನಡುವೆ ಆಟ ಆಡಿಸಬೇಕು. ಬೆಳಿಗ್ಗೆ ವ್ಯಾನ್ ಬಂದು ಮೂರು ವರ್ಷದ ಮಕ್ಕಳನ್ನು ಪೇಟೆಗೆ ಕರೆದೊಯ್ಯುತ್ತದೆ. ಕಳಿಸುವವರನ್ನು ನಾನು ದೂರುವುದಿಲ್ಲ, ನಾನೂ ಅದನ್ನೇ ಮಾಡಿದವನು. ಕಳಿಸುವ ಮೊದಲು ಒಂದು ದಿನ ಎರಡೂ ಕಡೆ ಅರ್ಧ ಗಂಟೆ ಕೂತು ನೋಡಿ, ಅಷ್ಟೇ ನನ್ನ ಬೇಡಿಕೆ. ಹಳೆಯ ವಿದ್ಯಾರ್ಥಿಗಳಲ್ಲಿ ಇನ್ನೊಂದು ಮಾತು: ಶಾಲೆಗೆ ಕೊಡುವುದರ ಜೊತೆಗೆ ಆ ಅಂಗನವಾಡಿಗೂ ಚಿತ್ರದ ಪುಸ್ತಕ, ಒಂದು ಮರಳಿನ ಗುಂಡಿ, ನೆರಳಿಗೆ ಒಂದು ಶೀಟು ಕೊಡೋಣ. ನನ್ನ ಪಾಲು ನಾನು ಇವತ್ತೇ ಕೊಡುತ್ತೇನೆ.

ಎಂಟನೇ ತರಗತಿಯಲ್ಲಿ ನಾನೊಂದು ಪ್ರಶ್ನೆ ಕೇಳಿದಾಗ ವಿಜ್ಞಾನದ ಮೇಷ್ಟ್ರು, "ನಂಗೂ ಗೊತ್ತಿಲ್ಲ ಕಣೋ, ನಾಳೆ ನೋಡಿ ಹೇಳ್ತೀನಿ" ಅಂದಿದ್ದರು. ಮಾರನೆಯ ದಿನ ಪುಸ್ತಕ ಹಿಡಿದುಕೊಂಡೇ ಬಂದಿದ್ದರು. ಪ್ರಶ್ನೆ ಏನೆಂದು ನನಗೆ ಮರೆತಿದೆ. ಅವರು ಪುಸ್ತಕ ತಂದದ್ದು ಮರೆತಿಲ್ಲ. ನನ್ನ ಮಗಳಿಗೆ ನಾನು ಹುಡುಕಿದ್ದು ಅಂಥ ಒಬ್ಬರನ್ನೇ.