ಗೊತ್ತಿಲ್ಲದ ಕಾನೂನು ಮತ್ತು 34 ಕಿಲೋ ಚಿನ್ನ



ನೀವು ರಜೆ ಮುಗಿಸಿ ಕಾಲೇಜಿಗೆ ಬರುತ್ತೀರಿ. ನಾಲ್ಕು ದಿನಗಳ ಹಿಂದೆ ಸೂಚನಾ ಫಲಕದಲ್ಲಿ ಹೊಸ ನಿಯಮವೊಂದನ್ನು ಅಂಟಿಸಿದ್ದಾರೆ. ನೀವು ಅದನ್ನು ನೋಡಿಲ್ಲ. ನಿಯಮ ಮುರಿದದ್ದಕ್ಕೆ ದಂಡ ಕಟ್ಟಿ ಎನ್ನುತ್ತಾರೆ. "ಗೊತ್ತಿರಲಿಲ್ಲ ಸಾರ್" ಎಂದರೆ ನಿಮ್ಮನ್ನು ಬಿಡಬೇಕೇ, ಬೇಡವೇ? ಹೆಚ್ಚುಕಡಿಮೆ ಇದೇ ಪ್ರಶ್ನೆ 1964ರಲ್ಲಿ ನಮ್ಮ ಸುಪ್ರೀಂ ಕೋರ್ಟಿನ ಮುಂದೆ ಬಂತು. ವ್ಯತ್ಯಾಸವಿಷ್ಟೇ, ಅಲ್ಲಿ ದಂಡದ ಬದಲು ಸೆರೆವಾಸವಿತ್ತು.

ನಡೆದದ್ದು ಹೀಗೆ. 1962ರ ನವೆಂಬರ್ 27ರಂದು ಜರ್ಮನ್ ಪ್ರಜೆಯೊಬ್ಬ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ವಿಮಾನ ಹತ್ತಿದ. ಅವನು ಹೋಗಬೇಕಾಗಿದ್ದುದು ಫಿಲಿಪೈನ್ಸ್‌ನ ಮನಿಲಾ ನಗರಕ್ಕೆ. ಮರುದಿನ ಬೆಳಗ್ಗೆ ವಿಮಾನ ದಾರಿಯಲ್ಲಿ ಬೊಂಬಾಯಿಯಲ್ಲಿ, ಅಂದರೆ ಇಂದಿನ ಮುಂಬಯಿಯಲ್ಲಿ, ಇಳಿಯಿತು. ಅವನು ಮಾತ್ರ ವಿಮಾನದಿಂದ ಇಳಿಯಲಿಲ್ಲ. ಕಸ್ಟಮ್ಸ್ ಅಧಿಕಾರಿಗಳು 'ಮ್ಯಾನಿಫೆಸ್ಟ್' ಎಂಬ ಸರಕಿನ ಪಟ್ಟಿಯನ್ನು ನೋಡಿದರು. ಅದರಲ್ಲಿ ಚಿನ್ನದ ಮಾತೇ ಇರಲಿಲ್ಲ. ಒಳಗೆ ಹೋಗಿ ಅವನನ್ನು ಶೋಧಿಸಿದಾಗ, ಇದಕ್ಕೆಂದೇ ಹೊಲಿಸಿದ ಜಾಕೆಟ್ಟಿನಲ್ಲಿ ಸಿಕ್ಕಿದ್ದು ಸುಮಾರು 34 ಕಿಲೋ ಚಿನ್ನ!

ಅಷ್ಟು ಚಿನ್ನವನ್ನು ಮೈಮೇಲೆ ಅಡಗಿಸಿಕೊಳ್ಳಲು ಸಾಧ್ಯವೇ? ಲೆಕ್ಕ ಹಾಕಿ ನೋಡಿ. ಚಿನ್ನದ ಸಾಂದ್ರತೆ ಘನ ಸೆಂಟಿಮೀಟರಿಗೆ 19.3 ಗ್ರಾಂ. 34,000 ಗ್ರಾಂ ಚಿನ್ನಕ್ಕೆ ಬೇಕಾಗುವ ಜಾಗ ಸುಮಾರು 1,760 ಘನ ಸೆಂಟಿಮೀಟರ್. ಎರಡು ಲೀಟರ್ ನೀರಿಗೆ ಬೇಕಾದುದಕ್ಕಿಂತ ಕಡಿಮೆ! ಸ್ವಲ್ಪ ಜಾಗದಲ್ಲಿ ಹೆಚ್ಚು ಬೆಲೆ ಅಡಗುತ್ತದೆ. ಕಳ್ಳಸಾಗಣೆಯವರಿಗೆ ಚಿನ್ನವೆಂದರೆ ಪ್ರೀತಿ ಏಕೆಂದು ಇದರಿಂದ ತಿಳಿಯುತ್ತದೆ.

ಇನ್ನು ಕಾನೂನಿನ ವಿಷಯ. ಭಾರತದ ಮೂಲಕ ಬೇರೆ ದೇಶಕ್ಕೆ ಹಾದುಹೋಗುವ, ಇಲ್ಲಿ ಇಳಿಸದ ಚಿನ್ನಕ್ಕೆ ರಿಸರ್ವ್ ಬ್ಯಾಂಕು 1948ರಲ್ಲಿ ಸಾಮಾನ್ಯ ಅನುಮತಿ ಕೊಟ್ಟಿತ್ತು. 1962ರ ನವೆಂಬರ್ 8ರ ಹೊಸ ಅಧಿಸೂಚನೆಯು ಅಂಥ ಚಿನ್ನವನ್ನೂ ಮ್ಯಾನಿಫೆಸ್ಟಿನಲ್ಲಿ ನಮೂದಿಸಲೇಬೇಕೆಂದು ವಿಧಿಸಿತು. ಅದು ಭಾರತದ ಗೆಜೆಟ್ಟಿನಲ್ಲಿ ಪ್ರಕಟವಾದದ್ದು ನವೆಂಬರ್ 24ರಂದು. ಈ ಪ್ರಯಾಣಿಕ ಜ್ಯೂರಿಕ್ ಬಿಟ್ಟದ್ದು 27ರಂದು. ನಡುವೆ ಮೂರೇ ದಿನ!

ಬೊಂಬಾಯಿಯ ಮ್ಯಾಜಿಸ್ಟ್ರೇಟರು 1947ರ ವಿದೇಶಿ ವಿನಿಮಯ ನಿಯಂತ್ರಣ ಕಾಯಿದೆಯ ಪ್ರಕಾರ ಅವನಿಗೆ ಒಂದು ವರ್ಷದ ಸೆರೆವಾಸ ವಿಧಿಸಿದರು. ಹೈಕೋರ್ಟು ಅವನನ್ನು ಬಿಡುಗಡೆ ಮಾಡಿತು. ಆಗ ಮಹಾರಾಷ್ಟ್ರ ಸರ್ಕಾರ ಸುಪ್ರೀಂ ಕೋರ್ಟಿಗೆ ಮೇಲ್ಮನವಿ ಸಲ್ಲಿಸಿತು.

ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ಚಿನ್ನ ಅವನ ಬಳಿ ಇತ್ತೇ ಎಂಬುದು ಈ ಮೇಲ್ಮನವಿಯ ತೊಡಕಾಗಿರಲಿಲ್ಲ. ಅಪರಾಧವೆನ್ನಲು ಕೃತ್ಯವೊಂದೇ ಸಾಕೇ, ಅದರ ಹಿಂದೆ ತಪ್ಪು ಮಾಡುವ ಮನಸ್ಸೂ ಇರಬೇಕೇ ಎಂಬುದೇ ಪ್ರಶ್ನೆಯಾಗಿತ್ತು. ಆ ಮನಸ್ಸನ್ನು ಕಾನೂನಿನ ಭಾಷೆಯಲ್ಲಿ 'ಮೆನ್ಸ್ ರಿಯಾ' ಎನ್ನುತ್ತಾರೆ. "ಚಿನ್ನ ಬಚ್ಚಿಟ್ಟುಕೊಂಡವನಿಗೆ ಒಳ್ಳೆಯ ಮನಸ್ಸು ಎಲ್ಲಿಂದ ಬಂತು?" ಎಂದು ನೀವು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಆದರೆ ಬಚ್ಚಿಟ್ಟ ಮಾತ್ರಕ್ಕೆ ಭಾರತದ ಹೊಸ ನಿಯಮ ಅವನಿಗೆ ಗೊತ್ತಿತ್ತು ಎಂದಾಗುವುದಿಲ್ಲ. ಅವನ ಗುರಿ ಮನಿಲಾ ಆಗಿತ್ತಲ್ಲವೇ?

ಮೂವರು ನ್ಯಾಯಮೂರ್ತಿಗಳಲ್ಲಿ ಅಭಿಪ್ರಾಯ ಭೇದ ಬಂತು. ರಾಜಗೋಪಾಲ ಅಯ್ಯಂಗಾರ್ ಮತ್ತು ಮುಧೋಳ್ಕರ್ ಅವರು ಸರ್ಕಾರದ ವಾದವನ್ನು ಒಪ್ಪಿದರು. ಚಿನ್ನದ ಕಳ್ಳಸಾಗಣೆಯನ್ನು ತಡೆದು ದೇಶದ ಆರ್ಥಿಕ ಸ್ಥಿತಿಯನ್ನು ಕಾಪಾಡುವುದು ಆ ಕಾಯಿದೆಯ ಉದ್ದೇಶ. ಪ್ರತಿಯೊಬ್ಬನ ಮನಸ್ಸಿನಲ್ಲಿ ಏನಿತ್ತೆಂದು ಸಾಬೀತುಪಡಿಸಬೇಕೆಂದರೆ ಆ ಉದ್ದೇಶವೇ ವಿಫಲವಾಗುತ್ತದೆ. ಬುದ್ಧಿಪೂರ್ವಕವಾಗಿ ಚಿನ್ನ ತಂದದ್ದೇ ಸಾಕು. ಗೆಜೆಟ್ಟಿನಲ್ಲಿ ಪ್ರಕಟಿಸಿದರೆ ನಿಯಮ ಜಾರಿಗೆ ಬಂದಂತೆ, ಅದನ್ನು ಪರದೇಶಗಳಲ್ಲೂ ಪ್ರಚಾರ ಮಾಡಬೇಕಾಗಿಲ್ಲ ಎಂಬುದು ಅವರ ನಿಲುವು. ನ್ಯಾಯಮೂರ್ತಿ ಸುಬ್ಬರಾವ್ ಅವರದು ಭಿನ್ನ ತೀರ್ಪು. ಕಾಯಿದೆಯೇ ಸ್ಪಷ್ಟವಾಗಿ ಅಥವಾ ಅನಿವಾರ್ಯವಾದ ಅರ್ಥದಿಂದ ಹೊರಗಿಡದಿದ್ದರೆ, ಅಪರಾಧಕ್ಕೆ ದೋಷಯುಕ್ತ ಮನಸ್ಸು ಇರಲೇಬೇಕು ಎಂದು ಅವರು ಹೇಳಿದರು.

ಇಬ್ಬರ ಮಾತೇ ನ್ಯಾಯಾಲಯದ ಮಾತಾಯಿತು. ಅವನು ಅಪರಾಧಿಯೆಂದು ತೀರ್ಮಾನವಾಯಿತು. ಆದರೆ ಶಿಕ್ಷೆಯನ್ನು ಅವನು ಅದುವರೆಗೆ ಅನುಭವಿಸಿದ್ದ ಸೆರೆವಾಸಕ್ಕೇ ಇಳಿಸಲಾಯಿತು. ಅಪರಾಧ ನಡೆದಿದೆಯೇ ಎಂಬುದು ಒಂದು ಪ್ರಶ್ನೆ, ಶಿಕ್ಷೆ ಎಷ್ಟು ಎಂಬುದು ಇನ್ನೊಂದು. ಮೊದಲನೆಯದರಲ್ಲಿ ಕಾನೂನು ಬಿಗಿಯಾಗಿದ್ದರೂ ಎರಡನೆಯದರಲ್ಲಿ ಕರುಣೆಗೆ ಎಡೆಯಿದೆ.

ಸುಬ್ಬರಾವ್ ಅವರ ವಿಚಾರ ಅಲ್ಲಿಗೇ ಮುಗಿಯಲಿಲ್ಲ. ಮಧ್ಯಪ್ರದೇಶದ ಧಾನ್ಯ ವ್ಯಾಪಾರಿಯೊಬ್ಬ ಪರವಾನಗಿಗೆ ಅರ್ಜಿ ಹಾಕಿ, ಶುಲ್ಕ ಕಟ್ಟಿ, ಅದು ಸಿಕ್ಕೇ ಸಿಗುತ್ತದೆಂದು ನಂಬಿ ಧಾನ್ಯ ಸಂಗ್ರಹಿಸಿದ್ದ. ಪರವಾನಗಿ ಇಲ್ಲವೆಂದು ಅವನ ಮೇಲೆ ಮೊಕದ್ದಮೆ ನಡೆಯಿತು. 1965ರಲ್ಲಿ ಸುಬ್ಬರಾವ್ ಅವರಿದ್ದ ಪೀಠ, ಅವನಿಗೆ ತಪ್ಪು ಮಾಡುವ ಉದ್ದೇಶವಿರಲಿಲ್ಲವೆಂದು ಬಿಡುಗಡೆ ಮಾಡಿತು. ಚಿನ್ನದ ತೀರ್ಪು ರದ್ದಾಗಲಿಲ್ಲ. ಅದು ಬೇರೆ ಕಾಯಿದೆ, ಇದು ಬೇರೆ ಕಾಯಿದೆ.

ನಮ್ಮ ಪ್ರಯೋಗಾಲಯಗಳಲ್ಲಿ ಚಿನ್ನವನ್ನು ಮಿಲಿಗ್ರಾಮಿನವರೆಗೂ ತೂಗಬಹುದು. ಮನುಷ್ಯನ ಮನಸ್ಸನ್ನು ತೂಗುವ ತಕ್ಕಡಿಯನ್ನು ಇನ್ನೂ ಯಾರೂ ಮಾಡಿಲ್ಲ. ಆ ಕೆಲಸವನ್ನು ಸಾಕ್ಷ್ಯ, ತರ್ಕ ಮತ್ತು ವಿವೇಕಗಳಿಂದಲೇ ಮಾಡಬೇಕು. ದೇಶದ ಹಿತ ಒಂದು ಕಡೆ, ಒಬ್ಬನ ಸ್ವಾತಂತ್ರ್ಯ ಇನ್ನೊಂದು ಕಡೆ. ಆ ಪೀಠದಲ್ಲಿ ನೀವು ಕುಳಿತಿದ್ದರೆ ಯಾರ ಪಕ್ಕ ಸಹಿ ಹಾಕುತ್ತಿದ್ದಿರಿ? ಗೆಳೆಯರೊಡನೆ ಚರ್ಚಿಸಿ. ನಿಮ್ಮ ಉತ್ತರಕ್ಕಿಂತ ಅದಕ್ಕೆ ನೀವು ಕೊಡುವ ಕಾರಣ ಮುಖ್ಯ.