ಸ್ಕಿನ್ ಕಲರ್ ಅಂದ್ರೆ ಯಾರ ಕಲರ್?

(ಮಡಕಶಿರದಲ್ಲಿ ಡ್ವಾಕ್ರಾ ಸಂಘಗಳ ಹೆಣ್ಮಕ್ಕಳ ಸಭೆಯಲ್ಲಿ ಆಡಿದ ಮಾತು. ಬರಕೊಂಡು ಹೋಗಿದ್ದು ಅರ್ಧ, ಅಲ್ಲೇ ಬಾಯಿಗೆ ಬಂದಿದ್ದು ಅರ್ಧ. ಕೇಳಿದವರು ಪೇಜಿಗೆ ಹಾಕಿ ಅಂದರು.)

ನಾನು ಭಾಷಣ ಮಾಡೋಳಲ್ಲ. ಬ್ಯಾಂಕಿನ ಕೌಂಟರಲ್ಲಿ ಕೂತು ಚಲನ್ ತುಂಬೋದು, ಪಾಸ್‌ಬುಕ್ ಎಂಟ್ರಿ ಹಾಕೋದು ನನ್ನ ಕೆಲಸ. ಇವತ್ತು ನಮ್ಮಕ್ಕ ಮಾತಾಡಬೇಕಿತ್ತು. ಬೊಂಬೆ ಮಾಡೋಳು ಅವಳು. "ನನಗೆ ಮೈಕ್ ಅಂದ್ರೆ ಕೈ ನಡುಗುತ್ತೆ, ಲೆಕ್ಕ ಬರ್ದೋಳು ನೀನೇ ಅಲ್ವಾ, ನೀನೇ ಹೇಳು" ಅಂತ ನನ್ನ ಮುಂದೆ ತಳ್ಳಿ ಅಲ್ಲಿ ಹಿಂದಿನ ಸಾಲಲ್ಲಿ ಕೂತಿದ್ದಾಳೆ. ಹಾಗಾಗಿ ಮಾತು ನಂದು, ಕಷ್ಟ ಅವಳದು.

ಅಕ್ಕ ಹದಿನೈದು ವರ್ಷದಿಂದ ಬ್ಲೌಸ್ ಹೊಲೀತಾಳೆ. ಇಲ್ಲಿರೋರಲ್ಲಿ ಅರ್ಧ ಜನಕ್ಕೆ ಅವಳೇ ಹೊಲಿದಿರಬೇಕು. ಅವಳಿಗೆ ಬೊಂಬೆ ಹುಚ್ಚು ಹಿಡಿಸಿದ್ದು ಮೊಮ್ಮಗಳ ಹುಟ್ಟುಹಬ್ಬ. ಮಗೂಗೊಂದು ಬೊಂಬೆ ತರೋಣ ಅಂತ ಅಂಗಡಿಗೆ ಹೋದ್ವಿ. ಹೊರದೇಶದ ಆಟಿಕೆ ಮೇಲಿನ ಸುಂಕ 2020ರಲ್ಲಿ ನೂರಕ್ಕೆ 20ರಿಂದ 60ಕ್ಕೆ ಏರಿತು, 2023ರಲ್ಲಿ 70 ಆಯ್ತು. ಅಂಗಡಿಯೋನು ಹೆಮ್ಮೆಯಿಂದ ಡಬ್ಬಿ ತಿರುಗಿಸಿ ತೋರಿಸಿದ, "ಇದು ಚೀನಾದ್ದಲ್ಲ ಮೇಡಂ, ಇಲ್ಲೇ ಮಾಡಿದ್ದು." ನಿಜ, ಮೇಡ್ ಇನ್ ಇಂಡಿಯಾ. ಕೂದಲು ಮಾತ್ರ ಬಂಗಾರದ್ದು, ಕಣ್ಣು ನೀಲಿ. ಅಕ್ಕ ಅದನ್ನ ಕೆಳಗಿಟ್ಟು, "ನಾನೇ ಹೊಲ್ಕೊಡ್ತೀನಿ ಬಾ" ಅಂದಳು.

ಹೊಲಿಯೋಕೆ ಕೂತಾಗ ಮೊದಲು ಸಿಕ್ಕಿಬಿದ್ದಿದ್ದೇ ಬಣ್ಣದಲ್ಲಿ. ಲೈನಿಂಗ್ ಬಟ್ಟೆ ಅಂಗಡೀಲಿ "ಸ್ಕಿನ್ ಕಲರ್ ಕೊಡಿ" ಅಂದ್ವಿ. ತೆಗೆದುಕೊಟ್ಟ ಬಟ್ಟೆ ತಿಳಿ ಗುಲಾಬಿ. ನಾವಿಬ್ಬರೂ ಕೈ ಮುಂದೆ ಚಾಚಿ ಆ ಬಟ್ಟೆ ಪಕ್ಕದಲ್ಲಿಟ್ಟು ನೋಡಿದ್ವಿ. ಅಂಗಡಿಯೋನ ಕೈನೂ ಇಡಿಸಿದ್ವಿ. ಮೂರು ಕೈಯಲ್ಲಿ ಒಂದೂ ಆ ಬಣ್ಣ ಇರಲಿಲ್ಲ. "ಯಾರ ಸ್ಕಿನ್ನಪ್ಪಾ ಇದು?" ಅಂದ್ರೆ ನಕ್ಕ. "ಕಂಪ್ನಿಯೋರು ಹಂಗೇ ಕಳಿಸೋದಮ್ಮ" ಅಂದ.

ಟೀ ಡಿಕಾಕ್ಷನ್‌ನಲ್ಲಿ ಬಿಳಿ ಕಾಟನ್ ಕುದಿಸಿದ್ವಿ. ಒಂದೇ ಒಗೆತಕ್ಕೆ ಬಿಟ್ಟುಹೋಯ್ತು. ಆಮೇಲೆ ಅಗಳಿ ಕಡೆ ತೋಟ ಇರೋ ನೆಂಟರ ಮನೆಯಿಂದ ಅಡಿಕೆ ಚೊಗರು ತಂದ್ವಿ, ಅಡಿಕೆ ಬೇಯಿಸಿದ ಮೇಲೆ ಹಂಡೇಲಿ ಉಳಿಯುತ್ತಲ್ಲ, ಅದು. ಸಾಗರದ ಹತ್ರ ಹೆಗ್ಗೋಡಲ್ಲಿ ಚರಕ ಅಂತ ಹೆಣ್ಮಕ್ಕಳ ಸಂಸ್ಥೆ ಇದೆ, ಅವರು ಕೈಮಗ್ಗದ ಬಟ್ಟೆಗೆ ಇದೇ ಚೊಗರಿನ ಬಣ್ಣ ಕಟ್ಟುತ್ತಾರೆ. ಅದನ್ನ ಓದಿದ್ದು ನೆನಪಿತ್ತು. ಪಟಿಕ ಹಾಕಿ ಅದ್ದಿದ ಬಟ್ಟೆ ಒಣಗಿದಾಗ ಬಂದ ಕಂದು ಇದೆಯಲ್ಲ, ಅದು ನಮ್ಮೂರ ಬಣ್ಣ. ಒಂದು ಸಲ ಅದ್ದಿದ್ರೆ ನನ್ನ ಬಣ್ಣ, ಎರಡು ಸಲ ಅದ್ದಿದ್ರೆ ಅಕ್ಕನದು.

ಆಮೇಲೆ ಅವಳನ್ನ ತಡೆಯೋಕಾಗಲಿಲ್ಲ. ಎರಡು ಜಡೆ ಮಡಚಿ ಕೆಂಪು ರಿಬ್ಬನ್ ಕಟ್ಟಿದ ಸ್ಕೂಲ್ ಹುಡುಗಿ, ಕಂಬಳಿ ಹೊದ್ದ ಕುರಿ ಕಾಯೋ ತಾತ, ಚಂದ್ರಿಕೆ ಹಿಡಿದಿರೋ ರೇಷ್ಮೆ ಮನೆ ಹೆಂಗಸು, ಮಡಿಲಲ್ಲಿ ಕಡ್ಲೆಕಾಯಿ ತುಂಬಿಕೊಂಡ ಅಜ್ಜಿ. ತಾತನ ಕಂಬಳಿಗೆ ನಿಜವಾದ ಕರಿಕುರಿ ಉಣ್ಣೆ ಹಾಕಿದ್ವಿ. ಹುಡುಗಿ ಕೂದಲಿಗೂ ಅದನ್ನೇ ಹಾಕಿ ನೋಡಿದ್ವಿ, ಮೊಮ್ಮಗಳು ಕತ್ತು ಕೆರ್ಕೊಂಡು ಬೊಂಬೆ ಎಸೆದಳು. ಈಗ ಕೂದಲಿಗೆ ಅಂಗಡಿ ಉಲ್ಲನ್. ಲಂಗಕ್ಕೆ ರಾಯದುರ್ಗದ ಗಾರ್ಮೆಂಟ್ ಕಡೆಯಿಂದ ಬರೋ ತುಂಡುಬಟ್ಟೆ ಮೂಟೆ.

ಈಗ ವಿಷಯಕ್ಕೆ ಬರ್ತೀನಿ. ದಸರಾಗೆ ಮೊದಲು ಅಕ್ಕ 60 ಬೊಂಬೆ ಮಾಡಿ ಸ್ಟಾಲ್ ಹಾಕಿದಳು. ಬೆಲೆ 250. ಹೆದರಿಕೆಗೆ ಅಂತ 20 ಬೊಂಬೇನ ಆ ಅಂಗಡಿ ಗುಲಾಬಿ ಬಟ್ಟೇಲೇ ಮಾಡಿದ್ದಳು. 40 ನಮ್ಮ ಕಂದು. ಗುಲಾಬಿ ಇಪ್ಪತ್ತೂ ಮೊದಲ ದಿನವೇ ಖಾಲಿ. ಕಂದು ಹೋಗಿದ್ದು 13. ಮಿಕ್ಕ 27 ಟ್ರಂಕಿಗೆ ವಾಪಸ್ ಬಂದ್ವು.

ನಾನು ಪಕ್ಕದಲ್ಲೇ ಕೂತು ನೋಡ್ತಿದ್ದೆ. ಒಂದು ಮಗು ಕಂದು ಬೊಂಬೇನ ಎತ್ಕೊಂಡು ಎದೆಗೆ ಒತ್ತಿಕೊಂಡಿತ್ತು. ಅವರಮ್ಮ ಮೆತ್ತಗೆ ಅದರ ಕೈಯಿಂದ ಬಿಡಿಸಿ ಮೇಜಿನ ಮೇಲಿಟ್ಟು, "ಇದು ಬೇಡ ಕಂದಾ, ಬೆಳ್ಳಗಿರೋದು ಚೆನ್ನಾಗಿದೆ ನೋಡು" ಅಂದರು. ಕೆಟ್ಟ ಹೆಂಗಸಲ್ಲ ಅವರು, ಪ್ರೀತಿಯಿಂದಲೇ ಹೇಳಿದ್ದು. ಇನ್ನೊಬ್ಬರು ತೆಲುಗಲ್ಲಿ, ಮತ್ತೊಬ್ಬರು ಕನ್ನಡದಲ್ಲಿ, "ಸ್ವಲ್ಪ ಕಲರ್ ಆಗಿ ಮಾಡ್ಕೊಡ್ತೀರಾ?" ಅಂತ ಆರ್ಡರ್ ಕೊಡೋಕೆ ಬಂದರು. ಕಂದು ಒಂದು ಕಲರೇ ಅಲ್ಲ ಅನ್ನೋ ಹಾಗೆ.

ಅಮೆರಿಕದಲ್ಲಿ 1940ರ ದಶಕದಲ್ಲಿ ಕೆನೆತ್ ಕ್ಲಾರ್ಕ್, ಮೇಮಿ ಕ್ಲಾರ್ಕ್ ಅಂತ ಗಂಡ ಹೆಂಡತಿ, ಇಬ್ಬರೂ ಕರಿಯ ಜನಾಂಗದ ಮನಶ್ಶಾಸ್ತ್ರಜ್ಞರು, ಪುಟ್ಟ ಮಕ್ಕಳ ಮುಂದೆ ಬಣ್ಣ ಒಂದು ಬಿಟ್ಟು ಮಿಕ್ಕೆಲ್ಲ ಒಂದೇ ಥರ ಇರೋ ಬೊಂಬೆಗಳನ್ನ ಇಟ್ಟು, ಯಾವುದು ಒಳ್ಳೇದು, ಯಾವುದು ಕೆಟ್ಟದು, ಯಾವುದು ನಿನ್ನ ಥರ ಇದೆ ಅಂತ ಕೇಳಿದರು. ಕರಿಯ ಮಕ್ಕಳಲ್ಲೇ ಹೆಚ್ಚಿನೋರು ಬಿಳೀದು ಒಳ್ಳೇದು ಅಂತ ತೋರಿಸಿದರು. 1954ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು, ಕರಿಯರಿಗೆ ಬಿಳಿಯರಿಗೆ ಬೇರೆಬೇರೆ ಶಾಲೆ ಕೂಡದು ಅಂತ ತೀರ್ಪು ಕೊಟ್ಟಾಗ ಆ ಕೆಲಸವನ್ನೂ ಲೆಕ್ಕಕ್ಕೆ ತಗೊಂಡಿತು. ನಮ್ಮ ಸ್ಟಾಲಲ್ಲಿ ಮಗು ಸರಿಯಾಗೇ ಎತ್ಕೊಂಡಿತ್ತು. ವಾಪಸ್ ಇಟ್ಟಿದ್ದು ದೊಡ್ಡೋರು. ನಾನೇನು ಸಾಚಾ ಅಲ್ಲ. ಮಗಳ ಸ್ಕೂಲ್ ಗ್ರೂಪ್ ಫೋಟೋ ದಿನ ಅವಳ ಮುಖಕ್ಕೆ ಎರಡು ಸಲ ಪೌಡರ್ ಬಳಿದು ಕಳಿಸಿದೋಳು ನಾನೇ. ಫೋಟೋದಲ್ಲಿ ಮುಖ ಒಂದು ಬಣ್ಣ, ಕತ್ತು ಒಂದು ಬಣ್ಣ. ಇನ್ನೂ ಗೋಡೆ ಮೇಲಿದೆ.

ಅವತ್ತು ರಾತ್ರಿ ಅಕ್ಕ, "ಗುಲಾಬಿದೇ ಮಾಡ್ತೀನಿ ಬಿಡೇ, ಅದು ಹೋಗುತ್ತೆ" ಅಂದಳು. ನಾನು, ಮೊದಲು ಲೆಕ್ಕ ನೋಡೋಣ ಅಂದೆ. ಬಿ.ಕಾಂ. ಮಾಡಿದ್ದಕ್ಕೆ ಮನೇಲಿ ಅದೊಂದು ಉಪಯೋಗ.

ಅವಳ ಲೆಕ್ಕ ಹೀಗಿತ್ತು: ಬಟ್ಟೆ, ಹತ್ತಿ, ಉಲ್ಲನ್, ದಾರ, ಡಬ್ಬಿ ಎಲ್ಲ ಸೇರಿ 100 ರೂಪಾಯಿ. ಮಾರಿದ್ದು 250ಕ್ಕೆ. ಲಾಭ 150. ಒಂದು ಬೊಂಬೆಗೆ ಎಷ್ಟು ಹೊತ್ತು ಹಿಡೀತು ಅಂದೆ. "ಐದು ಗಂಟೆ ಇರಬಹುದು, ಅದೇನು ಲೆಕ್ಕ, ಮನೇಲೇ ಕೂತು ಮಾಡೋದು" ಅಂದಳು. ಅಕ್ಕಂದಿರೇ, ಇಲ್ಲೇ ನೋಡಿ ನಾವೆಲ್ಲ ಎಡವೋದು. ಬ್ಲೌಸ್ ಹೊಲಿದ್ರೆ ಅವಳಿಗೆ ಗಂಟೆಗೆ ಕಮ್ಮಿ ಅಂದ್ರೂ 40 ರೂಪಾಯಿ ಗಿಟ್ಟುತ್ತೆ. ಐದು ಗಂಟೆಗೆ 200. ಕರೆಂಟು, ಮಿಷನ್ ರಿಪೇರಿ, ಕೆಟ್ಟುಹೋದ ಬೊಂಬೆ ಅಂತ ಒಂದು 25. ಅಸಲೇ 325. ಮಾರಿದ 33 ಬೊಂಬೇಲಿ ಒಂದೊಂದಕ್ಕೆ 75 ರೂಪಾಯಿಯಂತೆ 2,475 ರೂಪಾಯಿ ಅಕ್ಕ ತನ್ನ ಕೈಯಿಂದ ಹಾಕಿ ಕೊಟ್ಟಿದ್ದಾಳೆ. ಗುಲಾಬೀದಾದ್ರೂ ಅಷ್ಟೇ ನಷ್ಟ, ಬೇಗ ಖಾಲಿಯಾಗೋ ನಷ್ಟ. ಇದನ್ನ ಹಾಳೇಲಿ ಬರೆದು ತೋರಿಸಿದಾಗ ಅವಳು ಬಹಳ ಹೊತ್ತು ಮಾತಾಡಲಿಲ್ಲ.

ನಮ್ಮ ಸುತ್ತ ಬೊಂಬೆ ಮಾಡಿ ಬದುಕಿದೋರನ್ನೂ ಸ್ವಲ್ಪ ನೋಡಿ. ನಮ್ಮದೇ ಜಿಲ್ಲೇಲಿ, ಧರ್ಮಾವರಂ ಹತ್ರ ನಿಮ್ಮಲಕುಂಟ ಇದೆ. (2022ರ ಏಪ್ರಿಲ್‌ನಿಂದ ನಾವು ಶ್ರೀ ಸತ್ಯಸಾಯಿ ಜಿಲ್ಲೆ, ರಾಯದುರ್ಗ ಅನಂತಪುರದಲ್ಲೇ ಉಳೀತು. ಬೋರ್ಡು ಬದಲಾದ್ವು, ಬಸ್ಸು ಬದಲಾಗಲಿಲ್ಲ.) ಅಲ್ಲಿನೋರು ಆಡಿನ ಚರ್ಮ ಹದ ಮಾಡಿ, ಕೊರೆದು, ಬಣ್ಣ ಹಚ್ಚಿ ತೊಗಲುಬೊಂಬೆ ಆಡಿಸ್ತಿದ್ದೋರು. ಆ ಊರಿನ ದಳವಾಯಿ ಚಲಪತಿ ರಾವ್ ಅವರಿಗೆ 2020ರಲ್ಲಿ ಪದ್ಮಶ್ರೀ ಬಂತು. ಇವತ್ತು ಆ ಕೈಗಳು ಹೆಚ್ಚಾಗಿ ಮಾಡೋದು ಲ್ಯಾಂಪ್ ಶೇಡು, ಗೋಡೆಗೆ ಹಾಕೋ ಚಿತ್ರ. ರಾತ್ರಿಯಿಡೀ ಕೂತು ರಾಮಾಯಣ ನೋಡೋರು ಇಲ್ಲ, ಲ್ಯಾಂಪು ಕೊಳ್ಳೋರು ದೂರದ ಊರಲ್ಲಿದ್ದಾರೆ. ಚನ್ನಪಟ್ಟಣದ್ದೂ ಹೆಚ್ಚುಕಮ್ಮಿ ಇದೇ ಕತೆ. ಆಲೆ ಮರದ ತುಂಡನ್ನ ಪಟ್ಟಡಿಯಲ್ಲಿ ತಿರುಗಿಸಿ ಅರಗಿನ ಬಣ್ಣ ಕೂರಿಸಿ ರಾಜ ರಾಣಿ ಮಾಡ್ತಿದ್ದೋರು, ಈಗ ದೊಡ್ಡ ಊರಿನ, ಹೊರದೇಶದ ಆರ್ಡರ್‌ಗೆ ತಕ್ಕಂತೆ ಗಿಲಕಿ, ಬಳೆ ಜೋಡಿಸೋ ಆಟಿಕೆ, ಚಕ್ರದ ಗಾಡಿ ಮಾಡ್ತಾರೆ. (ಅದೇ ಮರಕ್ಕೆ ತೆಲುಗಲ್ಲಿ ಅಂಕುಡು ಅಂತಾರೆ, ವಿಶಾಖಪಟ್ಟಣದ ಕಡೆ ಏಟಿಕೊಪ್ಪಾಕ ಬೊಂಬೆ ಆಗೋದೂ ಅದರಲ್ಲೇ. ಗಡಿ ಮರಕ್ಕೆ ಗೊತ್ತಿಲ್ಲ.) ಅವರನ್ನ ತಪ್ಪು ಅನ್ನೋಕಾಗಲ್ಲ. ದುಡ್ಡು ಕೊಡೋರು ಯಾವ ಬೊಂಬೆ ಕೇಳ್ತಾರೋ ಕೈ ಅದನ್ನೇ ಮಾಡುತ್ತೆ. ನಮ್ಮ ಮಕ್ಕಳ ಥರ ಇರೋ ಬೊಂಬೆ ಬೇಕು ಅಂತ ದುಡ್ಡು ತಗೊಂಡು ಬರೋರು ನಾವಾಗದಿದ್ರೆ ಅಕ್ಕನೂ ಗುಲಾಬಿ ಬಟ್ಟೆಗೇ ಹೋಗ್ತಾಳೆ.

ಅದಕ್ಕೆ ಕೆಲಸದ ಕ್ರಮ ಬದಲಾಯಿಸಿದ್ವಿ. ಒಂದೊಂದೇ ಬೊಂಬೆ ಮೊದಲಿಂದ ಕೊನೆವರೆಗೆ ಮಾಡೋದು ಬಿಟ್ಟು 20 ಬೊಂಬೆ ಬಟ್ಟೆ ಒಟ್ಟಿಗೆ ಕತ್ತರಿಸಿ, ಪಕ್ಕದ ಮನೆಯೋರು ಜಡೆ ಹೆಣೆದು, ಅಕ್ಕ ಮಿಷನ್ ಹೊಲಿಗೆ ಹಾಕಿ ನೋಡಿದ್ವಿ. ಐದು ಗಂಟೆ ಮೂರಕ್ಕೆ ಇಳೀತು. ಕೂಲಿ 120, ಅಸಲು 245. ಬೆಲೆ 350 ಇಟ್ಟರೆ ನೇರ ಮಾರಿದಾಗ 105 ಉಳಿಯುತ್ತೆ. ಅಂಗಡಿಗೆ ನೂರಕ್ಕೆ 30 ಬಿಟ್ಟುಕೊಟ್ಟರೆ ಕೈಗೆ ಬರೋದು ಸರಿಯಾಗಿ 245, ಅಸಲು ಅಷ್ಟೇ. ಹಾಗಾಗಿ ಸದ್ಯಕ್ಕೆ ಅಂಗಡಿ ಬೇಡ.

ಕಾನೂನಿನ ಮಾತು ಎರಡು ಹೇಳಿಬಿಡ್ತೀನಿ, ಇದನ್ನ ಯಾರೂ ಹೇಳಲ್ಲ. 2021ರ ಜನವರಿ 1ರಿಂದ 14 ವರ್ಷದೊಳಗಿನ ಮಕ್ಕಳ ಆಟಿಕೆಗೆ ಐಎಸ್ಐ ಗುರುತು ಕಡ್ಡಾಯ. ಕೇಂದ್ರದ ಕೈಕಸುಬು ಇಲಾಖೆಯಲ್ಲಿ, ಅಂದ್ರೆ ಡೆವಲಪ್‌ಮೆಂಟ್ ಕಮಿಷನರ್ ಹ್ಯಾಂಡಿಕ್ರಾಫ್ಟ್ಸ್ ಹತ್ರ, ಕುಶಲಕರ್ಮಿ ಅಂತ ನೋಂದಾಯಿಸಿಕೊಂಡೋರಿಗೆ ವಿನಾಯಿತಿ ಇದೆ. ಅದಕ್ಕೊಂದು ಗುರುತಿನ ಕಾರ್ಡು ಕೊಡ್ತಾರೆ, ಮೊದಲು ಅದನ್ನ ಮಾಡಿಸಿಕೊಳ್ಳಿ. ವಿನಾಯಿತಿ ಇದೆ ಅಂತ ಗುಂಡಿ ಕಣ್ಣು ಹಾಕಬೇಡಿ, ಮಗು ಕಿತ್ತು ಬಾಯಿಗೆ ಹಾಕ್ಕೊಳ್ಳುತ್ತೆ. ಅಕ್ಕ ಕಣ್ಣು, ಬಾಯಿ, ಕುಂಕುಮ ಎಲ್ಲ ದಾರದಲ್ಲೇ ಕಸೂತಿ ಹಾಕ್ತಾಳೆ.

ಎರಡನೇದು ಗಡಿಯೋರಿಗೆ ಮಾತ್ರ ಬರೋ ತಲೆನೋವು. ನಮಗೆ ಪಾವಗಡ, ಸಿರಾ ಪಕ್ಕದ ಊರು, ಜಿಎಸ್‌ಟಿಗೆ ಅದು ಬೇರೆ ರಾಜ್ಯ. ಬೇರೆ ರಾಜ್ಯಕ್ಕೆ ಸಾಮಾನು ಮಾರಿದ್ರೆ ವಹಿವಾಟು ಎಷ್ಟೇ ಚಿಕ್ಕದಿರಲಿ ನೋಂದಣಿ ಬೇಕು ಅನ್ನೋದು ಸಾಮಾನ್ಯ ನಿಯಮ. ಕೈಯಲ್ಲಿ ಮಾಡಿದ ಕರಕುಶಲ ಸಾಮಾನಿಗೆ ವರ್ಷಕ್ಕೆ 20 ಲಕ್ಷದವರೆಗೆ ರಿಯಾಯಿತಿ ಇದೆ. ಪ್ಯಾನ್ ಇರಬೇಕು, ಇ-ವೇ ಬಿಲ್ ಮಾಡಬೇಕು. ಪಾವಗಡ ಸಂತೆಗೆ ಚೀಲ ಹೊತ್ಕೊಂಡು ಹೋಗೋ ಮುಂಚೆ ಆಡಿಟರ್ ಹತ್ರ ಒಂದು ಮಾತು ಕೇಳಿ.

ಗಡಿಯಿಂದ ಲಾಭಾನೂ ಇದೆ. ಕರ್ನಾಟಕದ ಕಡೆ ಬೊಂಬೆ ಕೂರಿಸೋದು ದಸರಾಗೆ. ಆಂಧ್ರದ ಕರಾವಳಿ ಕಡೆ ಸಂಕ್ರಾಂತಿಗೆ ಬೊಮ್ಮಲ ಕೊಲುವು. ಬೊಂಬೆ ಅಂದ್ರೂ ಗೊತ್ತಾಗುತ್ತೆ, ಬೊಮ್ಮ ಅಂದ್ರೂ ಗೊತ್ತಾಗುತ್ತೆ. ಎರಡು ಭಾಷೇಲಿ ವ್ಯಾಪಾರ ಮಾಡೋ ನಮಗೆ ವರ್ಷಕ್ಕೆ ಎರಡು ಸೀಸನ್. ಚೀಟಿ ಮೇಲೆ ಅಕ್ಕ ಮೊದಲು ತೆಲುಗು ಮಾತ್ರ ಬರೆಸಿದ್ದಳು. ಈಗ ಎರಡೂ ಇದೆ. ಕನ್ನಡ ಮೀಡಿಯಂ ಶಾಲೆ ಹುಡುಗಿಯೊಬ್ಬಳು ಚೀಟಿ ಓದಿ, "ಅಜ್ಜಿ ಅಂತ ಬರ್ದಿದೆ!" ಅಂತ ಕೂಗಿದ್ದಕ್ಕೇ ಪ್ರಿಂಟಿಂಗ್ ಖರ್ಚು ಹುಟ್ಟಿತು ಅಂತ ನನ್ನ ಲೆಕ್ಕ. ಅಕೌಂಟೆನ್ಸಿಯಲ್ಲಿ ಈ ಲೆಕ್ಕಕ್ಕೆ ಕಾಲಂ ಇಲ್ಲ.

ಸಾಲದ ವಿಷಯ ಕೇಳ್ತೀರ ಅಂತ ಗೊತ್ತು. 2023ರ ಸೆಪ್ಟೆಂಬರಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬಿನಲ್ಲಿ ಸಾಂಪ್ರದಾಯಿಕ ಬೊಂಬೆ ಮಾಡೋರೂ ಇದ್ದಾರೆ, ದರ್ಜಿಗಳೂ ಇದ್ದಾರೆ. ಸಲಕರಣೆಗೆ 15,000, ಮೊದಲ ಸಾಲ 1 ಲಕ್ಷದವರೆಗೆ, ಅದು ತೀರಿದ ಮೇಲೆ 2 ಲಕ್ಷ, ಬಡ್ಡಿ ನೂರಕ್ಕೆ 5. ಒಂದು ಮನೆಗೆ ಒಬ್ಬರಿಗೇ. ಆದರೆ ಬ್ಯಾಂಕಿನೋಳಾಗಿ ಹೇಳ್ತೀನಿ, ಕೂಲಿ ಸೇರಿಸಿ ಅಸಲು ಎಷ್ಟು ಅಂತ ಬರೆದು ನೋಡದೆ ಸಾಲದ ಫಾರಂ ಮುಟ್ಟಬೇಡಿ. ನಷ್ಟದ ಬೆಲೆಗೆ ಮಾರೋರಿಗೆ ಸಾಲ ಸಿಕ್ಕರೆ ಇನ್ನೂ ಜಾಸ್ತಿ ನಷ್ಟಕ್ಕೆ ಮಾರ್ತಾರೆ, ಅಷ್ಟೇ. ಅಕ್ಕ ಇನ್ನೂ ಅರ್ಜಿ ಹಾಕಿಲ್ಲ. ಈ ಸಂಕ್ರಾಂತಿ ನೋಡಿ ಹಾಕ್ತಾಳೆ.

ಮುಂದಿನ ಭಾನುವಾರ 40 ಬೊಂಬೆ ಬಟ್ಟೆ ಕತ್ತರಿಸ್ತೀವಿ, ಎಲ್ಲಾ ಚೊಗರಿನ ಕಂದೇ. ಇದು ಅಕ್ಕನೇ ನೆನ್ನೆ ರಾತ್ರಿ ಹೇಳಿದ್ದು, ನಾನು ಒತ್ತಾಯ ಮಾಡಿದ್ದಲ್ಲ. ಕಣ್ಣಿನ ಕಸೂತಿ ಹಾಕೋಕೆ ಇಬ್ಬರು ಬೇಕು, ಗಂಟೆಗೆ 40 ರೂಪಾಯಿ, ಅವತ್ತವತ್ತೇ ಕೊಡ್ತೀವಿ. ಟ್ರಂಕಿಂದ ತಂದ 27 ಬೊಂಬೆ ಆ ಹಿಂದಿನ ಮೇಜಿನ ಮೇಲಿವೆ. ಬೆಲೆ ಈಗ 350. ಮಕ್ಕಳನ್ನ ಕರ್ಕೊಂಡು ಬಂದೋರು ಮೊದಲು ಅವರ ಕೈಲೇ ಆರಿಸಿ. ಚೌಕಾಶಿ ಮಾಡೋರು ಅಕ್ಕನ ಹತ್ರ ಹೋಗಬೇಡಿ, ಅವಳು ಕೊಟ್ಟುಬಿಡ್ತಾಳೆ. ನನ್ನ ಹತ್ರ ಬನ್ನಿ, ಲೆಕ್ಕದ ಪುಸ್ತಕ ನನ್ನ ಬ್ಯಾಗಲ್ಲಿದೆ.